ಇಲಿಯ ಲಿವರ್ ಕೋಶಗಳಲ್ಲಿ ಎನ್‌ಜೈಮ್ ಚಟುವಟಿಕೆ ಮರುದಿನವೇ ಯಾಕೆ ಇಳಿಯುತ್ತದೆ?

ಕೋಶ ಬೇರ್ಪಡಿಸಿದ ದಿನ ಚೆನ್ನಾಗಿದ್ದ ಸೈಟೋಕ್ರೋಮ್ ಪಿ450 (ಔಷಧಿ, ವಿಷಗಳನ್ನು ಮಾರ್ಪಡಿಸುವ ಎನ್‌ಜೈಮ್‌ಗಳ ಗುಂಪು) ಚಟುವಟಿಕೆ ಮರುದಿನ ಬಿದ್ದುಹೋಗಿದೆ, ಕೋಶಗಳು ಸತ್ತವಾ ಅಂತ ಕೇಳಿದ್ದೀರಿ. ಸತ್ತಿರಲೇಬೇಕು ಅಂತೇನಿಲ್ಲ. ಕೋಶ ಬಿಡಿಸಲು ಕೊಲಾಜಿನೇಸ್ ಎಂಬ ಎನ್‌ಜೈಮ್ ಹಾಯಿಸಿದಾಗ ಕೋಶಗಳ ನಡುವಿನ ನಂಟು ಕಡಿದುಹೋಗುತ್ತದೆ. ತಟ್ಟೆಗೆ ಅಂಟಿಕೊಂಡ ಮೇಲೆ ಅವು ಬದುಕಿರುತ್ತವೆ, ಆದರೆ ಲಿವರ್‌ನ ಕಸುಬು ಮರೆಯುತ್ತಾ ಹೋಗುತ್ತವೆ. ಪಿ450 ಜೀನ್‌ಗಳ ಎಂಆರ್‌ಎನ್‌ಎ (ಎನ್‌ಜೈಮ್ ತಯಾರಿಸಲು ಬೇಕಾದ ಸಂದೇಶ ಅಣು) 24ರಿಂದ 48 ಗಂಟೆಯೊಳಗೆ ಜೋರಾಗಿ ಕುಸಿಯುವುದು ಮಾಮೂಲು. ಸತ್ತ ಕೋಶಗಳೊಳಗೆ ಇಳಿಯುವ ಟ್ರೈಪಾನ್ ಬ್ಲೂ ಬಣ್ಣ ಹಾಕಿ ನೋಡಿ. ನೀಲಿಯಾದವು ಜಾಸ್ತಿ ಇದ್ದರೆ ಮಾತ್ರ ಸಾವಿನ ಮಾತು.

ಇನ್ನೊಂದು ಮೋಸ ಅಳತೆಯಲ್ಲೇ ಇರಬಹುದು. ಪಿ450 ಗುಂಪಿನದೇ ಆದ ಸಿವೈಪಿ1ಎ ಅಳೆಯಲು ಎಥಾಕ್ಸಿರಿಸೊರುಫಿನ್ ಎಂಬ ರಾಸಾಯನಿಕ ಕೊಡುತ್ತೀರಿ ಅಲ್ವಾ? ಅದರಿಂದ ಹುಟ್ಟುವ ರಿಸೊರುಫಿನ್ ಹೊಳೆಯುತ್ತದೆ, ಆ ಹೊಳಪನ್ನೇ ಅಳೆಯುತ್ತೇವೆ. ಆದರೆ ಇಡೀ ಕೋಶ ಸುಮ್ನೆ ಕೂರುವುದಿಲ್ಲ. ರಿಸೊರುಫಿನ್‌ಗೆ ಗ್ಲುಕುರೊನೈಡ್ ಅಥವಾ ಸಲ್ಫೇಟ್ ಅಂಟಿಸಿ ಹೊಳಪು ಅಡಗಿಸುತ್ತದೆ. ಕೋಶದ ಇನ್ನೊಂದು ಎನ್‌ಜೈಮ್ ಎನ್‌ಕ್ಯೂಒ1 ಕೂಡ ರಿಸೊರುಫಿನ್ ಅನ್ನು ಬದಲಿಸುತ್ತದೆ. ಅದಕ್ಕೇ ಇವನ್ನು ತಡೆಯುವ ಸ್ಯಾಲಿಸಿಲಮೈಡ್ ಅಥವಾ ಡೈಕುಮರಾಲ್ ಸೇರಿಸುತ್ತಾರೆ. ಇದನ್ನು ಬಿಟ್ಟರೆ ಅಂಕಿ ಸುಳ್ಳು ಹೇಳುತ್ತದೆ.

ಸಾಧ್ಯವಾದರೆ ಮೊದಲ ಕೆಲವು ಗಂಟೆಗಳಲ್ಲೇ ಅಳೆದುಬಿಡಿ. ದಿನಗಟ್ಟಲೆ ಬೇಕಿದ್ದರೆ ಎರಡು ಪದರ ಕೊಲಾಜಿನ್ ನಡುವೆ ಬೆಳೆಸಿ, ಮೀಡಿಯಮ್‌ಗೆ (ಕೋಶ ಬೆಳೆಸುವ ದ್ರವಕ್ಕೆ) ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಹಾಕಿ, ಕುಸಿತ ನಿಧಾನವಾಗುತ್ತದೆ. ಫಲಿತಾಂಶವನ್ನು ಪ್ರತಿ ಮಿಲಿಗ್ರಾಂ ಪ್ರೋಟೀನ್‌ಗೆ ಲೆಕ್ಕಹಾಕಿ. ಗಂಡಿಲಿ, ಹೆಣ್ಣಿಲಿ ಬೆರೆಸಬೇಡಿ, ಕೆಲವು ಪಿ450ಗಳು ಲಿಂಗದ ಮೇಲೆ ತುಂಬಾ ಬದಲಾಗುತ್ತವೆ.