ಆಣೆ ಇಟ್ಟು ಬಿಟ್ಟ ಮಾತ್ರೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಕೂಲಿ-ಹಾಜರಿ ಲೆಕ್ಕ ಬರೆಯುವ ಗುಮಾಸ್ತರಾಗಿರುವ, ಐವತ್ತು ದಾಟಿದ ಒಬ್ಬರನ್ನು ಪತ್ನಿ, ಚಟ ಬಿಡುವವರಿಗೆ ನೆರವಾಗುವ ನನ್ನ ಬಳಿಗೆ ಕರೆತಂದದ್ದು ಮಾತ್ರೆ ಬಿಡಿಸಿ ಎಂದು ಕೇಳುವುದಕ್ಕಲ್ಲ. ಅದನ್ನು ಅವರು ಆಗಲೇ ಬಿಟ್ಟಿದ್ದರು. ಇನ್ನು ಮುಟ್ಟುವುದಿಲ್ಲವೆಂದು ಧರ್ಮಸ್ಥಳದಲ್ಲಿ ಮಂಜುನಾಥಸ್ವಾಮಿಯ ಮೇಲೆ ಆಣೆ ಇಟ್ಟು ಬಂದು ಅಂದಿಗೆ ಆರನೆಯ ದಿನ. "ಮೂರು ದಿನ ಚೆನ್ನಾಗೇ ಇದ್ರು ಮೇಡಂ, ಈಗ ನಿದ್ದೆಯೇ ಇಲ್ಲ, ಮೈಯೆಲ್ಲ ಬೆವರು" ಎಂದರು.

ಆ ಮಾತ್ರೆ ಫಿನೋಬಾರ್ಬಿಟೋನ್. ಬಾರ್ಬಿಟ್ಯುರೇಟ್ ಗುಂಪಿಗೆ ಸೇರಿದ, 1912ರಿಂದ ಬಳಕೆಯಲ್ಲಿರುವ, ಮೂರ್ಛೆರೋಗಕ್ಕೆ ಇಂದಿಗೂ ಕೊಡುವ ಔಷಧ. ಹರೆಯದಲ್ಲಿ ಫಿಟ್ಸ್ ಬರುತ್ತಿದ್ದಾಗ ವೈದ್ಯರು ರಾತ್ರಿಗೊಂದರಂತೆ 60 ಮಿಲಿಗ್ರಾಂ ಬರೆದುಕೊಟ್ಟಿದ್ದರು. ಫಿಟ್ಸ್ ನಿಂತಿತು, ವೈದ್ಯರ ಬಳಿ ಹೋಗುವುದೂ ನಿಂತಿತು. ಆದರೆ ಹಣ್ಣು ಕೊಯ್ಲಿನ ದಿನಗಳಲ್ಲಿ ಕೂಲಿ ಲೆಕ್ಕ ತಲೆಯಲ್ಲಿ ಸುತ್ತುತ್ತಿರುವಾಗ ಅದೇ ಮಾತ್ರೆ ನಿದ್ದೆಗೆ ಒದಗಿಬಂತು. ಹಳೆಯ ಚೀಟಿ ತೋರಿಸಿ ತರುತ್ತಿದ್ದದ್ದು ಒಂದರಿಂದ ಎರಡಾಗಿ, ನಾಲ್ಕಕ್ಕೆ ಬಂದು ನಿಂತಿತ್ತು.

ಚೀಲದಲ್ಲಿದ್ದ ಹಾಜರಿ ಪುಸ್ತಕವನ್ನು ತೆರೆಸಿ ನೋಡಿದೆ. ಹಿಂದಿನ ಪುಟಗಳಲ್ಲಿ ಮುತ್ತು ಪೋಣಿಸಿದಂತಿದ್ದ ಅಂಕಿಗಳು ಎರಡು ದಿನಗಳಿಂದ ಗೆರೆ ದಾಟಿ ಓಡಿದ್ದವು.

ಮಿದುಳಿನ ಚಟುವಟಿಕೆಯನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕದ ಪರಿಣಾಮವನ್ನು ಈ ಔಷಧ ಹೆಚ್ಚಿಸುತ್ತದೆ. ವರ್ಷಗಟ್ಟಲೆ ಅದಕ್ಕೆ ಒಗ್ಗಿಹೋದ ಮಿದುಳಿನಿಂದ ಏಕಾಏಕಿ ಅದನ್ನು ಕಿತ್ತುಕೊಂಡರೆ, ನಡುಕ, ಬೆವರು, ನಿದ್ರಾಹೀನತೆಯಿಂದ ಮೊದಲಾಗಿ ಫಿಟ್ಸ್, ಸನ್ನಿ, ವಿಪರೀತ ಜ್ವರ, ಕೊನೆಗೆ ಸಾವಿನವರೆಗೂ ಹೋಗಬಹುದು. ಮೋಸವಿರುವುದು ಮೊದಲ ದಿನಗಳಲ್ಲಿ. ರಕ್ತದಲ್ಲಿನ ಫಿನೋಬಾರ್ಬಿಟೋನ್ ಅರ್ಧಕ್ಕಿಳಿಯಲು ವಯಸ್ಕರಲ್ಲಿ ಸುಮಾರು ಮೂರರಿಂದ ಐದು ದಿನ ಹಿಡಿಯುವುದರಿಂದ, ಆ ಮೂರು ದಿನಗಳ ನೆಮ್ಮದಿ ಸಂಕಲ್ಪದ್ದಲ್ಲ, ಒಳಗೆ ಉಳಿದಿದ್ದ ಮಾತ್ರೆಯದೇ. ಮೂರನೆಯ ದಿನ ಬಂದು, ಮಾತ್ರೆಯ ಹೆಸರನ್ನೂ ಹೇಳದಿದ್ದರೆ, ನಾನೂ ಬಹುಶಃ ಭೇಷ್ ಎಂದು ಕಳಿಸುತ್ತಿದ್ದೆ.

ಮನೆಗೆ ಹೋಗದೆ ನೇರ ಜಿಲ್ಲಾಸ್ಪತ್ರೆಗೆ ಹೋಗಬೇಕು, ಚೀಟಿಯನ್ನೂ ಮಾತ್ರೆಯ ಖಾಲಿ ಪಟ್ಟಿಗಳನ್ನೂ ತೋರಿಸಬೇಕು, ದಾರಿಯಲ್ಲಿ ಫಿಟ್ಸ್ ಬಂದರೆ ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕದೆ 108ಕ್ಕೆ ಕರೆ ಮಾಡಬೇಕು ಎಂದೆ. ನಿದ್ದೆ ಬರಲೆಂದು ಒಂದು ಪೆಗ್ ಹಾಕುವ ಯೋಚನೆಯೂ ಕೂಡದು. ಮದ್ಯ ಮತ್ತು ಈ ಮಾತ್ರೆ ಸೇರಿದರೆ ಉಸಿರಾಟವೇ ಕುಂದುತ್ತದೆ. ನಾನೂ ಜೊತೆಗೆ ಹೋದೆ.

ಅಲ್ಲಿ ಮನೋವೈದ್ಯರು ದಾಖಲಿಸಿಕೊಂಡು, ಅದೇ ಔಷಧವನ್ನು ಮತ್ತೆ ಕೊಟ್ಟು ವಾರಗಟ್ಟಲೆ ಅಷ್ಟಷ್ಟೇ ಇಳಿಸುವುದಾಗಿ ಹೇಳಿದಾಗ ಇವರು ಮಾತ್ರೆ ನುಂಗಲು ಒಪ್ಪಲಿಲ್ಲ. "ಆಣೆ ಮುರಿದು ಬದುಕಿ ಏನು ಮಾಡ್ಲಿ?" ಎಂದರು. ಅದನ್ನು ಮೂಢನಂಬಿಕೆ ಎನ್ನಲು ನನಗೆ ಮನಸ್ಸಾಗಲಿಲ್ಲ. ಏನೆಂದು ಆಣೆ ಇಟ್ಟಿರಿ ಎಂದು ಕೇಳಿದೆ. ಚಟ ಬಿಡುತ್ತೇನೆಂದು. ಬಿಡುವ ದಾರಿಯೇ ಇದು, ಸ್ವಲ್ಪ ಉದ್ದ ಎಂದೆ. ಅವರು ಗೋಡೆ ನೋಡುತ್ತಾ ಕುಳಿತಿದ್ದರು. ಅಷ್ಟರಲ್ಲಿ ಪತ್ನಿ ಸೆರಗಿನ ಗಂಟು ಬಿಚ್ಚಿ ಒಂದು ನಾಣ್ಯ ತೆಗೆದು, ಕರವಸ್ತ್ರದ ಮೂಲೆಯಲ್ಲಿ ಕಟ್ಟಿ, "ತಪ್ಪುಕಾಣಿಕೆ ಎತ್ತಿಟ್ಟಿದ್ದೀನಿ. ನೀವು ನುಂಗಿ, ಸ್ವಾಮಿ ಹತ್ರ ನಾನು ಮಾತಾಡ್ಕೊಳ್ತೀನಿ" ಎಂದರು. ನುಂಗಿದರು.

ಈಗ ನಾಲ್ಕು ತಿಂಗಳಾಯಿತು. ಮಾತ್ರೆಯ ಡಬ್ಬಿ ಪತ್ನಿಯ ಬಳಿ ಇದೆ; ಎಷ್ಟು, ಯಾವಾಗ ಇಳಿಸಬೇಕೆಂಬುದು ವೈದ್ಯರ ಲೆಕ್ಕ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಆಗುವುದಿಲ್ಲ. ನಡುವೆ ಒಮ್ಮೆ ಕೈ ನಡುಗಿದಾಗ ಇಳಿಸುವುದನ್ನು ಎರಡು ವಾರ ತಡೆದರು. ಇನ್ನು ರಾತ್ರಿಗೊಂದು ಮಾತ್ರೆ ಉಳಿದಿದೆ. ಕೊಯ್ಲು ಮುಗಿಯುವವರೆಗೆ ಅದನ್ನು ಇಳಿಸುವುದು ಬೇಡವೆಂದು ವೈದ್ಯರು ಹೇಳಿದ್ದಾರೆ.