ತಮ್ಮನಿಗೆ ಸ್ಕ್ಯಾನ್ ತೋರಿಸಿದರೆ ಕಾಯಿಲೆ ಇದೆ ಅಂತ ಒಪ್ಪುತ್ತಾನಾ?

ಒಪ್ಪುವುದಿಲ್ಲ. ಯಾರೋ ಮಾತಾಡುವುದು ಕೇಳಿಸುತ್ತದೆ ಎನ್ನುವ ತಮ್ಮ, ಡಾಕ್ಟರ್ ಬೇಡ ಎನ್ನುತ್ತಾನೆ, ಅದಕ್ಕೆ ಮಿದುಳಿನ ಸ್ಕ್ಯಾನ್ ಮಾಡಿಸಿ ಮುಂದಿಡೋಣ ಅಂತ ನಿಮ್ಮ ಯೋಚನೆ. ನಾನು ಅದನ್ನೇ ಮಾಡಿದ್ದೆ.

ನಮ್ಮದು ಮೂಡಿಗೆರೆ ಹತ್ತಿರ ನಾಲ್ಕು ಎಕರೆ ಕಾಫಿ ತೋಟ. ನನ್ನ ತಮ್ಮ ಚಿಕ್ಕಮಗಳೂರಿನಲ್ಲಿ ಕೊನೆ ವರ್ಷದ ಡಿಗ್ರಿ ಓದುತ್ತಿದ್ದ. ಕೊಯ್ಲಿಗೆ ಅಂತ ಮನೆಗೆ ಬಂದವನು ವಾಪಸ್ ಹೋಗಲೇ ಇಲ್ಲ. ಕಣದಲ್ಲಿ ಕಾಫಿ ಹರವುವ ಆಳುಗಳು ತನ್ನ ಬಗ್ಗೆಯೇ ಮಾತಾಡುತ್ತಾರೆ ಎನ್ನುತ್ತಿದ್ದ. ಅವರು ಮನೆಗೆ ಹೋದ ಮೇಲೂ, ನಡುರಾತ್ರಿಯಲ್ಲೂ ಆ ಮಾತು ಅವನಿಗೆ ಕೇಳುತ್ತಿತ್ತು. ಅಮ್ಮ ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿದರು. ನಾನು ಮೊಬೈಲಿನಲ್ಲಿ ಸೈಕೋಸಿಸ್ ಬಗ್ಗೆ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜ ಅಂತ ನಂಬುವಂಥ ಮನಸ್ಸಿನ ಕಾಯಿಲೆ ಬಗ್ಗೆ ಓದಿದೆ. ಮಿದುಳಿನ ಬೂದು ಭಾಗ ಕೆಲವು ಕಡೆ ತೆಳುವಾಗಿರುತ್ತದೆ ಅಂತ ಇತ್ತು. ಹಾಗಾದರೆ ಚಿತ್ರದಲ್ಲಿ ಕಾಣಲೇಬೇಕು ಅಂದುಕೊಂಡೆ.

ಒಬ್ಬ ಡಾಕ್ಟರ್ ಹತ್ತಿರ ಬರೀ ತಲೆನೋವು ಅಂತ ಹೇಳಿ ಚೀಟಿ ಬರೆಸಿಕೊಂಡೆ. ತಮ್ಮನಿಗೂ ಅದೇ ಸುಳ್ಳು ಹೇಳಿ, ಬೇಲೂರು ಮೇಲೆ ಹಾಸನಕ್ಕೆ ಕರೆದುಕೊಂಡು ಹೋಗಿ ಎಂಆರ್‌ಐ ಮಾಡಿಸಿದೆ. ರಿಪೋರ್ಟ್ ನಾರ್ಮಲ್ ಅಂತ ಬಂತು.

"ನೋಡಕ್ಕ, ನನ್ನ ತಲೆ ಸರಿಯಾಗೇ ಇದೆ. ಸುಳ್ಳು ಹೇಳ್ತಿರೋದು ನೀವು" ಅಂದ. ಸುಳ್ಳು ಹೇಳಿದ್ದು ನಾನೇ ತಾನೇ? ಆ ರಿಪೋರ್ಟನ್ನು ದಿಂಬಿನ ಕೆಳಗೆ ಇಟ್ಟುಕೊಂಡ. ಯಾರು ಡಾಕ್ಟರ್ ಮಾತು ಎತ್ತಿದರೂ ಅದನ್ನು ತೆಗೆದು ತೋರಿಸುತ್ತಿದ್ದ. ಅಮ್ಮ ಮಾಡಿದ ಊಟ ಬಿಟ್ಟ, ಅಂಗಡಿಯಿಂದ ಬ್ರೆಡ್ ತಂದು ತಿನ್ನುತ್ತಿದ್ದ. ಏಳು ತಿಂಗಳು ಹೀಗೇ ಹೋಯಿತು. ಈ ಕಾಯಿಲೆಯಲ್ಲಿ ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ. ಆ ಏಳು ತಿಂಗಳು ನನ್ನ ಕೈಯಾರೆ ಹೋದದ್ದು.

ಆಮೇಲೆ ಮನೋವೈದ್ಯರು ಬಿಡಿಸಿ ಹೇಳಿದರು. ಮಿದುಳಿನ ಆ ವ್ಯತ್ಯಾಸ ಗೊತ್ತಾಗುವುದು ತುಂಬಾ ಜನರ ಸ್ಕ್ಯಾನ್ ಒಟ್ಟಿಗೆ ಇಟ್ಟು ಸರಾಸರಿ ನೋಡಿದಾಗ. ಒಬ್ಬನ ಸ್ಕ್ಯಾನ್ ನೋಡಿ ಸೈಕೋಸಿಸ್ ಇದೆ, ಇಲ್ಲ ಎನ್ನಲು ಆಗುವುದಿಲ್ಲ. ಗೆಡ್ಡೆಯೋ ಊತವೋ ಇರಬಹುದಾ ಅಂತ ನೋಡಲು ಡಾಕ್ಟರೇ ಹೇಳಿದರೆ ಮಾಡಿಸಿ, ಸಾಕ್ಷಿಗೆ ಬೇಡ.

ಇನ್ನೊಂದು ಮಾತನ್ನೂ ಹೇಳಿದರು. ಲಕ್ವ ಹೊಡೆದ ಕೆಲವರಿಗೆ ತಮ್ಮ ಕೈ ಬಿದ್ದುಹೋಗಿದೆ ಅಂತಲೇ ಗೊತ್ತಾಗುವುದಿಲ್ಲವಂತೆ. 1914ರಲ್ಲಿ ಬಾಬಿನ್ಸ್ಕಿ ಎಂಬ ಫ್ರೆಂಚ್ ವೈದ್ಯರು ಅದಕ್ಕೆ ಅನೊಸೊಗ್ನೋಸಿಯಾ ಅಂತ ಹೆಸರಿಟ್ಟರು. ಸೈಕೋಸಿಸ್‌ನಲ್ಲೂ ಅಂಥದ್ದೇ ಏನೋ ಇದೆ ಅಂತ ಎಷ್ಟೋ ವೈದ್ಯರು ನೋಡುತ್ತಾರೆ. ಅದನ್ನು ಕೇಳಿದಾಗ ನನಗೆ ಅಳು ಬಂತು. ನಾನು ಅವನದು ಹಟ ಅಂದುಕೊಂಡು ಜಗಳ ಆಡುತ್ತಿದ್ದೆನಲ್ಲ.

ಗಣೇಶನ ಹಬ್ಬದ ಹೊತ್ತಿಗೆ ಅವನೇ ಒಂದು ರಾತ್ರಿ, "ಅಕ್ಕ, ನಿದ್ದೆ ಬರ್ತಿಲ್ಲ, ಸಾಕಾಗಿದೆ" ಅಂದ. ನಾನು ಕಾಯಿಲೆ ಅನ್ನಲಿಲ್ಲ, "ನಿದ್ದೆಗೇ ತೋರಿಸೋಣ ಬಾ" ಅಂದೆ. ಬಂದ. ಈ ಸಲ ಡಾಕ್ಟರಿಗೆ ಏನನ್ನೂ ಮುಚ್ಚಿಡಲಿಲ್ಲ. ಅವರು ಮೊದಲು ಅವನ ನಿದ್ದೆಯನ್ನೇ ವಿಚಾರಿಸಿದರು, ವಾದ ಮಾಡಲಿಲ್ಲ.

ಈಗಲೂ ಅವನು ಕಾಯಿಲೆಯ ಹೆಸರು ಹೇಳುವುದಿಲ್ಲ. ಆದರೆ ಮಾತ್ರೆ ತಪ್ಪಿಸುವುದಿಲ್ಲ. "ಎರಡು ದಿನದಿಂದ ನಿದ್ದೆ ಇಲ್ಲ, ಆ ಮಾತು ಮತ್ತೆ ಶುರುವಾಗಿದೆ" ಅಂತ ಅವನೇ ಫೋನ್ ಮಾಡುತ್ತಾನೆ. ಆಂಥೊನಿ ಡೇವಿಡ್ ಎಂಬ ಮನೋವೈದ್ಯರು 1990ರಲ್ಲೇ ತನ್ನ ಕಾಯಿಲೆಯ ಬಗ್ಗೆ ರೋಗಿಗೆ ಇರುವ ಅರಿವನ್ನು ಮೂರಾಗಿ ಬಿಡಿಸಿದ್ದರು: ಕಾಯಿಲೆ ಇದೆ ಎನ್ನುವುದು, ಕೇಳುವ ದನಿ ಸಹಜವಲ್ಲ ಎನ್ನುವುದು, ಚಿಕಿತ್ಸೆ ತೆಗೆದುಕೊಳ್ಳುವುದು. ಒಂದು ಇಲ್ಲದೆಯೂ ಇನ್ನೊಂದು ಇರಬಹುದು. ಹಾಗಾಗಿ ಒಪ್ಪಿಸುವ ಆಸೆ ಬಿಡಿ.

ಅವನು ತನಗೇ ಏನಾದರೂ ಮಾಡಿಕೊಳ್ಳುತ್ತಾನೆ ಅಥವಾ ಬೇರೆಯವರಿಗೆ ಏನಾದರೂ ಮಾಡುತ್ತಾನೆ ಅನ್ನಿಸಿದರೆ ಮಾತ್ರ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಇಲ್ಲವಾದರೆ ಇವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ನೀವೇ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಊಟಕ್ಕೆ ಕೂತಾಗ, ನಿನ್ನೆ ಎಷ್ಟು ಹೊತ್ತು ಮಲಗಿದೆ ಅಂತ ಅವನನ್ನು ಕೇಳಿ.