ಅಪಾರ್ಟ್‌ಮೆಂಟಿನ ನಾಟಕದಲ್ಲಿ ಕೆಲಸದವರಿಗೆ ಫ್ರೀಯಾಗಿ ಪಾತ್ರ ಕೊಡಬಹುದಾ?

ಕೊಡಬೇಡಿ. ಮಾಲೀಕರು, ವಾಚ್‌ಮನ್, ಮನೆಕೆಲಸದವರು ಎಲ್ಲ ಒಂದಾಗಲಿ ಅಂತ ನಾಟಕ ಆಡಿಸುತ್ತಿದ್ದೀರಿ, ಸಂತೋಷ. ಆದರೆ "ಅವರ ಹತ್ತಿರ ಹೇಗೆ ದುಡ್ಡು ಕೇಳೋದು" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನನಗೆ 2016 ನೆನಪಾಯಿತು.

ನಮ್ಮದು ಪೀಣ್ಯದ ಹತ್ತಿರದ ಬಡಾವಣೆ. ತುಮಕೂರು, ಹಾಸನ, ಮಂಡ್ಯ ಕಡೆಯಿಂದ ಬಂದವರೇ ಜಾಸ್ತಿ. ಹಾಗಾಗಿ ನಾಟಕ ಅಂದರೆ ಕುರುಕ್ಷೇತ್ರ, ಬೇರೆ ಮಾತೇ ಇಲ್ಲ. ಈ ನಾಟಕದಲ್ಲಿ ಪಾತ್ರ ಮಾಡುವವರಿಗೆ ಯಾರೂ ಸಂಬಳ ಕೊಡುವುದಿಲ್ಲ, ಪಾತ್ರಧಾರಿಯೇ ದುಡ್ಡು ಕಟ್ಟಬೇಕು. ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಮೇಕಪ್, ದ್ರೌಪದಿ ಕುಂತಿಯರಾಗಿ ಹೊರಗಿನಿಂದ ಬರುವ ಕಲಾವಿದೆಯರು, ಎಲ್ಲದರ ಖರ್ಚೂ ಅದರಲ್ಲೇ. ನಮ್ಮಲ್ಲಿ ದುರ್ಯೋಧನನಿಗೆ 25,000, ಕರ್ಣನಿಗೆ 12,000. ನಾನು ವಿದುರ, 4,000. ಲೆಕ್ಕಪತ್ರವೂ ನನ್ನದೇ.

ದುರ್ಯೋಧನ ಸೈಟ್ ಬ್ರೋಕರ್. ಕೃಷ್ಣ ರಿಟೈರ್ ಆದ ಹೆಡ್ ಕಾನ್‌ಸ್ಟೇಬಲ್. ಭೀಮ ಟೆಂಪೋ ಡ್ರೈವರ್. ಕರ್ಣ ನಮ್ಮ ಬೀದಿಯ ಇಸ್ತ್ರಿ ಗಾಡಿಯವರು. ಮೂರು ತಿಂಗಳು, ರಾತ್ರಿ ಎಂಟರ ಮೇಲೆ, ಲೇತ್ ಅಂಗಡಿಯೊಂದರ ಮಹಡಿಯಲ್ಲಿ ತಾಲೀಮು. ಮೇಷ್ಟ್ರು ಗುಬ್ಬಿ ಕಡೆಯವರು. 1934ರಲ್ಲಿ ಗುಬ್ಬಿ ನಾಟಕ ಕಂಪನಿ ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆ ತಂದದ್ದನ್ನು ವಾರಕ್ಕೊಮ್ಮೆಯಾದರೂ ಹೇಳೋರು, ತಾವೇ ಮಾವುತರಾಗಿದ್ದ ಹಾಗೆ. ತಾಳ ತಪ್ಪಿದರೆ ಬ್ರೋಕರ್‌ಗೆ ಬೀಳುವ ಬೈಗುಳವೇ ಇಸ್ತ್ರಿಯವರಿಗೂ. "ನನ್ನ ಕಂದಪದ್ಯ ಯಾಕೆ ಕತ್ತರಿಸಿದ್ರಿ? ನಾನೂ ದುಡ್ಡು ಕಟ್ಟಿಲ್ವಾ?" ಅಂತ ಇಸ್ತ್ರಿಯವರು ಒಂದು ರಾತ್ರಿ ಕೃಷ್ಣನ ಮೇಲೆ ಏರಿ ಹೋಗಿದ್ದರು. ಬೆಳಿಗ್ಗೆ ನೋಡಿದರೆ ಅದೇ ಕೃಷ್ಣ ಗಾಡಿ ಪಕ್ಕ ನಿಂತು ಟೀ ಕುಡಿಯುತ್ತಿದ್ದಾರೆ.

ಎಲ್ಲ ಚೆನ್ನಾಗಿತ್ತು. ಕೆಡಿಸಿದ್ದು ನಾನು.

ಇಸ್ತ್ರಿಯವರು ಎರಡು ಕಂತಿನಲ್ಲಿ 4,000 ಕಟ್ಟಿದ್ದರು. ಆ ತಿಂಗಳು ಮಗಳ ಕಾಲೇಜು ಫೀಸು ಬಂತು ಅಂತ ಯಾರೋ ಹೇಳಿದರು. ಅವರಾಗಿ ನನ್ನ ಹತ್ತಿರ ಏನೂ ಹೇಳಿರಲಿಲ್ಲ, ಇದನ್ನು ಗಮನಿಸಿ. ತಾಲೀಮಿನಲ್ಲಿ ಎದ್ದು ನಿಂತು, "ಇವರ ಬಾಕಿ 8,000 ನಾವೆಲ್ಲ ಹಾಕಿಕೊಳ್ಳೋಣ" ಅಂದೆ. ಚಪ್ಪಾಳೆ ಬಿತ್ತು. ಅವರು ತಲೆ ತಗ್ಗಿಸಿ ಕೂತಿದ್ದರು. ನಾಚಿಕೆ ಅಂದುಕೊಂಡೆ. ಎಲ್ಲರೆದುರು ಹೇಳಿದ್ದೇ ತಪ್ಪು, ಗುಟ್ಟಾಗಿ ಹೇಳಿದ್ದರೆ ಸರಿಹೋಗುತ್ತಿತ್ತು ಅಂತ ಎಷ್ಟೋ ದಿನ ಸಮಾಧಾನ ಮಾಡಿಕೊಂಡೆ. ಇಲ್ಲ. ಬಾಕಿಯನ್ನು ಗುಟ್ಟಾಗಿ ಬಿಟ್ಟಿದ್ದರೂ ಅದು ತಪ್ಪೇ. ಕಂದ ಕತ್ತರಿಸಿದಾಗ ಜಗಳ ಆಡುವ ಹಕ್ಕು ಅವರಿಗೆ ಆ ದುಡ್ಡಿನಿಂದ ಬಂದಿತ್ತು. ಅದನ್ನೇ ಕಿತ್ತುಕೊಂಡೆ. ಇನ್ನೆರಡು ತಿಂಗಳು ಟೈಮ್ ಕೊಟ್ಟಿದ್ದರೆ ಸಾಕಿತ್ತು. ಟೈಮ್ ಕೊಡೋದಕ್ಕೆ ಚಪ್ಪಾಳೆ ಬೀಳಲ್ಲ, ಅಲ್ವಾ?

ಮಾರನೇ ದಿನದಿಂದ ಅವರು ಬರಲಿಲ್ಲ. ಮೇಷ್ಟ್ರು ಹಾರ್ಮೋನಿಯಂ ಮುಚ್ಚಿ, "ಕರ್ಣನಿಗೇ ದಾನ ಕೊಟ್ಟರಲ್ಲ ಸ್ವಾಮಿ, ನೀವು ಎಂಥಾ ವಿದುರ!" ಅಂದರು. ಕೊನೆಗೆ ನಮ್ಮ ಆಫೀಸಿನವರೊಬ್ಬರನ್ನು ಕರ್ಣ ಮಾಡಿದೆವು. ದನಿ ಎರಡನೇ ಸಾಲಿಗೂ ಕೇಳಿಸಲಿಲ್ಲ.

ನಿಮಗೆ ನಾನು ಹೇಳೋದು ಇಷ್ಟೇ. ಎಲ್ಲರ ಹತ್ತಿರವೂ ದುಡ್ಡು ತೆಗೆದುಕೊಳ್ಳಿ. ನೂರು ರೂಪಾಯಿ ಪಾತ್ರವೂ ಇರಲಿ, ಐದು ಸಾವಿರದ್ದೂ ಇರಲಿ, ಕಂತು ಮಾಡಿ. ಸಂಗೀತ ಕಚೇರಿ ಇಡೋಣವಾ ಅಂತಲೂ ಕೇಳಿದ್ದೀರಿ. ಬೇಡ. ಮಾಲೀಕರು ಮುಂದಿನ ಕುರ್ಚಿಯಲ್ಲಿ ಕೂರುತ್ತಾರೆ, ವಾಚ್‌ಮನ್ ಹಿಂದೆ ನಿಂತಿರುತ್ತಾನೆ, ಮುಗೀತು. ತಿಂಗಳುಗಟ್ಟಲೆ ತಾಲೀಮು ಬೇಡುವಂಥದ್ದನ್ನೇ ಹಿಡಿಯಿರಿ. ಮತ್ತೆ "ನಾವು ಅವರನ್ನು ಸೇರಿಸಿಕೊಳ್ಳುತ್ತಿದ್ದೇವೆ" ಅನ್ನೋ ಮಾತು ಬಿಡಿ. ನಿಮಗಿಂತ ಚೆನ್ನಾಗಿ ಹಾಡುವವರು ಗೇಟಿನಲ್ಲೇ ಇರಬಹುದು.

ಇಸ್ತ್ರಿಯವರು ಎರಡು ವರ್ಷದ ಮೇಲೆ ಇನ್ನೊಂದು ತಂಡಕ್ಕೆ ಪೂರ್ತಿ ದುಡ್ಡು ಕಟ್ಟಿ ರವೀಂದ್ರ ಕಲಾಕ್ಷೇತ್ರದಲ್ಲಿ ಕರ್ಣ ಮಾಡಿದರು. ಹೋಗಿದ್ದೆ. ಜನ ಒನ್ಸ್ ಮೋರ್ ಅಂದರು. ಸ್ಟೇಜ್ ಹತ್ತಿ ಹಾರ ಹಾಕಿ 500 ರೂಪಾಯಿ ಮುಯ್ಯಿ ಮಾಡಿದೆ. ಅವರು ಮಾತಾಡಲಿಲ್ಲ, ಪಾತ್ರದಲ್ಲಿದ್ದರು. ಮುಂದಿನ ವರ್ಷ ನಾನು ಮತ್ತೆ ವಿದುರ. ಸಭಾ ಸೀನಿನ ಮಧ್ಯೆ ಮೈಕಿನಲ್ಲಿ ಕೂಗಿದರು: ವಿದುರನ ಪಾತ್ರಧಾರಿಗೆ ಇಸ್ತ್ರಿ ಗಾಡಿಯವರಿಂದ 501 ರೂಪಾಯಿ ಮುಯ್ಯಿ.